ಕಾಗೆ, ಅರಳಿ ಎಲೆ, ಕೊರವಂಜಿ
ಗಾಂಧಿಬಜಾರಿನ ಹೋಟೆಲಿನಲ್ಲಿ ಕಾಫಿ ಆರುವುದನ್ನೂ ಮರೆತು ಟ್ಯಾಬಿನ ಮೇಲೆ ವೆಬ್‌ಕಾಮಿಕ್ ಬರೆಯುವ ಹುಡುಗರನ್ನು ಕಂಡರೆ ನನಗೆ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನೆನಪಾಗುತ್ತಾರೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಓದಲು ಕಲಿಯುವ ಮೊದಲೇ ‘ಪಂಚ್’, ‘ಸ್ಟ್ರ್ಯಾಂಡ್’ ಪತ್ರಿಕೆಗಳ ಚಿತ್ರಗಳಿಗೆ ಮರುಳಾಗಿದ್ದರು. ಹೆಸರಾಂತ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಸಹಿಯನ್ನು ಬಹುಕಾಲ ‘ಕೌ’ (ಹಸು) ಎಂದೇ ಓದಿಕೊಂಡಿದ್ದರಂತೆ! ತರಗತಿಯಲ್ಲಿ ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ್ದೇ ತಡ, ತಾನು ಚಿತ್ರಗಾರನೇ ಎಂದು ಹುಡುಗ ನಂಬಿಬಿಟ್ಟ. ಇನ್ನು ಕಾಗೆ: ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಲೋಕವನ್ನು ಅಳೆಯುವ ಆ ಹಕ್ಕಿಯ ಗೀಳು ಅವರನ್ನು ಬಿಡಲೇ ಇಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಆದರೆ ಬೆಂಗಳೂರಿನ ಮೆಜೆಸ್ಟಿಕ್ ಕಡೆ ದವಾಖಾನೆ ಇಟ್ಟಿದ್ದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’ ಎಂಬ ಕಾವ್ಯನಾಮದ ನಮ್ಮ ಲೇಖಕರು, 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲಿ ಆ ಎಳೆಯ ಗೆರೆಗಳಿಗೆ ಜಾಗ ಕೊಟ್ಟರು. ಆ ಡಾಕ್ಟರರನ್ನು ನಮ್ಮೂರು ಇನ್ನೂ ಸಾಕಷ್ಟು ನೆನೆದಿಲ್ಲ ಎನ್ನುವುದು ನನ್ನ ಕೊರಗು.