ಊರು ಬಂದು ಸುತ್ತುವರಿದರೆ ರನ್‌ವೇ ಎದ್ದು ಹೋಗಬೇಕೆ?

ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ಬೀದರ್, ಜಹೀರಾಬಾದ್ ಕಡೆಯ ನಮ್ಮ ಜನ ಮನೆ ಹುಡುಕುತ್ತ ಈಗ ಬೀರಂಗುಡ, ಅಮೀನ್‌ಪುರ ದಾಟಿ ಬಾಚುಪಲ್ಲಿ, ಮಲ್ಲಂಪೇಟದವರೆಗೆ ಹೋಗುತ್ತಿದ್ದಾರೆ. ಮುತ್ತಂಗಿಯಲ್ಲಿ ಔಟರ್ ರಿಂಗ್ ರೋಡ್ ಹತ್ತಿ ಸುಲ್ತಾನ್‌ಪುರ ದಾಟಿದರೆ ದುಂಡಿಗಲ್. ವಾಯುಪಡೆಯ ಅಕಾಡೆಮಿ ಇರುವುದು ಅಲ್ಲೇ. ಫ್ಲ್ಯಾಟಿನ ಬ್ರೋಷರ್‌ನಲ್ಲಿ ರಿಂಗ್ ರೋಡಿಗೆ ಎಷ್ಟು ನಿಮಿಷ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ, ರನ್‌ವೇಗೆ ಎಷ್ಟು ದೂರ ಎಂದು ಹಾಕುವುದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಹಾರಾಟ ಕಲಿಸುವ ಇಂಥ ನೆಲೆಗಳು ಊರು ಬೆಳೆದ ಮೇಲೆ ಜಾಗ ಖಾಲಿ ಮಾಡಬೇಕೆ? ಇಬ್ಬರ ವಾದ ಇಲ್ಲಿದೆ.

ಪರ: ಹೋಗಲೇಬೇಕು

ಸದ್ದು ಎಂದರೆ ಬರೀ ಜೋರು ಎಂದು ತಿಳಿದವರಿಗೆ ಈ ತಕರಾರು ಅರ್ಥವಾಗುವುದಿಲ್ಲ. ಪ್ರಯಾಣಿಕರ ವಿಮಾನ ತಲೆಯ ಮೇಲೆ ಹೋಯಿತು ಎಂದರೆ ಹೋಯಿತು. ಕಲಿಯುವವನ ವಿಮಾನ ಹಾಗಲ್ಲ. ಏರುತ್ತದೆ, ಎಡಕ್ಕೆ ತಿರುಗುತ್ತದೆ, ರನ್‌ವೇಗೆ ಸಮಾನಾಂತರವಾಗಿ ಸುಮಾರು 1,000 ಅಡಿ ಎತ್ತರದಲ್ಲಿ ಹಿಂದಕ್ಕೆ ಬರುತ್ತದೆ, ಇಳಿದು ಚಕ್ರ ನೆಲಕ್ಕೆ ತಾಗಿದ್ದೇ ತಡ ಮತ್ತೆ ಎಂಜಿನ್‌ಗೆ ಪೂರ್ತಿ ಕಸುವು ಕೊಟ್ಟು ಏರುತ್ತದೆ. ಇದಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಒಂದು ಸುತ್ತಿಗೆ ಐದಾರು ನಿಮಿಷ. ಒಂದು ವಿಮಾನದ ಹಿಂದೆ ಇನ್ನೊಂದು. ಕೆಳಗಿನ ಮನೆಯಲ್ಲಿ ಬಾಣಂತಿ ಇರಲಿ, ರಾತ್ರಿ ಪಾಳಿ ಮುಗಿಸಿ ಮಲಗಿದ ಕಾರ್ಮಿಕನಿರಲಿ, ಸದ್ದು ನಿಂತ ಮೇಲೂ ಕಿವಿ ಮುಂದಿನ ಸುತ್ತಿಗೆ ಕಾಯುತ್ತಿರುತ್ತದೆ.

ಕಾನೂನಿನ ಲೆಕ್ಕ ಇದನ್ನು ಹಿಡಿಯುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2018ರಲ್ಲಿ ನಾಗರಿಕ ವಿಮಾನ ನಿಲ್ದಾಣಗಳ ಸುತ್ತಲಿಗೆ ಬೇರೆಯೇ ಮಿತಿ ಬಂತು: ದಟ್ಟಣೆ ಕಡಿಮೆ ಇರುವಲ್ಲೂ ಹಗಲು 65, ರಾತ್ರಿ 60. ಹತ್ತು ಡೆಸಿಬೆಲ್ ಏರಿದರೆ ಸದ್ದು ಇಮ್ಮಡಿಯಾದಂತೆ ಕೇಳಿಸುತ್ತದೆ. ಅದೂ ಗಂಟೆಗಟ್ಟಲೆ ಸದ್ದಿನ ಸರಾಸರಿ. ನಡುವಿನ ಮೌನವನ್ನೂ ಸೇರಿಸಿ ಭಾಗಿಸಿದರೆ ಎಂಥ ಗದ್ದಲವೂ ಸಾಧುವಾಗುತ್ತದೆ!

‘ನೆಲೆ ಮೊದಲು ಬಂತು, ನೀವು ಆಮೇಲೆ ಬಂದಿರಿ’ ಎನ್ನುವುದು ದೊಡ್ಡ ವಾದವೇನಲ್ಲ. ಲಂಡನ್ನಿನಲ್ಲಿ ವೈದ್ಯನೊಬ್ಬ ನೆರೆಯ ಮಿಠಾಯಿ ಅಂಗಡಿಯ ಅಡುಗೆಮನೆಗೆ ಒತ್ತಿ ತನ್ನ ಕೋಣೆ ಕಟ್ಟಿಸಿದ. ಒರಳಿನ ಸದ್ದು ಇಪ್ಪತ್ತು ವರ್ಷಕ್ಕೂ ಹಳೆಯದು. ಆದರೂ 1879ರಲ್ಲಿ ನ್ಯಾಯಾಲಯ ಗೆಲ್ಲಿಸಿದ್ದು ವೈದ್ಯನನ್ನು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ನೆರೆಯವರು ದಶಕಗಟ್ಟಲೆ ಜಗ್ಗಾಡಿ, 2017ರಲ್ಲಿ ರನ್‌ವೇ ತುಂಡಾಗುವಂತೆ ಮಾಡಿದರು. 2028ರ ಕೊನೆಗೆ ಆ ನೆಲೆಯನ್ನೇ ಮುಚ್ಚಲು ನಗರಕ್ಕೆ ಹಕ್ಕು ಸಿಕ್ಕಿದೆ.

ಸದ್ದಿನ ಹಿಂದೆ ಅಪಾಯವೂ ಇದೆ. 2023ರ ಡಿಸೆಂಬರ್ 4ರಂದು ದುಂಡಿಗಲ್‌ನಿಂದ ಎದ್ದ ಪಿಲಾಟಸ್ ತರಬೇತಿ ವಿಮಾನ ಮೇದಕ್ ಜಿಲ್ಲೆಯ ತೂಪ್ರಾನ್ ಬಳಿ ಬಿದ್ದು, ಕಲಿಸುವವರು, ಕಲಿಯುವವರು ಇಬ್ಬರೂ ತೀರಿಕೊಂಡರು. ಬಿದ್ದದ್ದು ಹಳ್ಳಿಗಾಡಿನಲ್ಲಿ. ಮೂವತ್ತು ಮಹಡಿಯ ಕಟ್ಟಡಗಳ ನಡುವೆ ಬಿದ್ದಿದ್ದರೆ?

ವಿರೋಧ: ಹೋಗುವುದಾದರೂ ಎಲ್ಲಿಗೆ?

ಮೇಲಿನ ಗೆಳೆಯರು ಸರ್ಕ್ಯೂಟಿನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಸರಾಸರಿ ಲೆಕ್ಕದ ಮೋಸವೂ ನಿಜ. ಅಲ್ಲಿಂದ ಮುಂದಕ್ಕೆ ನಾನು ಒಪ್ಪುವುದಿಲ್ಲ.

ದುಂಡಿಗಲ್‌ಗೆ ಅಡಿಗಲ್ಲು ಬಿದ್ದದ್ದು 1967ರ ಅಕ್ಟೋಬರ್‌ನಲ್ಲಿ. ಇಟ್ಟವರು ರಾಷ್ಟ್ರಪತಿ ಜಾಕಿರ್ ಹುಸೇನ್. ಹೈದರಾಬಾದಿನಿಂದ ಅಷ್ಟು ದೂರದ ಬಯಲಿನಲ್ಲಿ ನೆಲೆ ಇದ್ದಾಗ ಕಲಿಯುವವರ ತಪ್ಪಿಗೆ ಕೆಳಗಿನವರು ಬಲಿಯಾಗುವ ಭಯ ಕಡಿಮೆ ಇತ್ತು. ಈಗ ಸದಾಶಿವಪೇಟೆಯ ಆಚೆಗೆ ಹಾಕಿ ಎಂದರೆ ಹಾಕೋಣ, ಇಪ್ಪತ್ತು ವರ್ಷಕ್ಕೆ ಅಲ್ಲಿಗೂ ಲೇಔಟ್ ಬರುತ್ತದೆ. ರಸ್ತೆ ಮಾಡಿದ ಕಡೆಯೆಲ್ಲ ಬರುತ್ತದೆ. ಮಿಠಾಯಿಯವನು ಒರಳನ್ನು ಇನ್ನೊಂದು ಗೋಡೆಗೆ ಸರಿಸಿಕೊಳ್ಳಬಹುದು, ರನ್‌ವೇ ಸರಿಸುವ ಉಪಾಯ ಯಾರಿಗೂ ಗೊತ್ತಿಲ್ಲ.

ಪಟಾನ್‌ಚೆರುವಿನವರಿಗೆ ಮೊದಲು-ಆಮೇಲೆ ಎಂಬುದರ ಬೆಲೆ ಚೆನ್ನಾಗಿ ಗೊತ್ತು. ಇಲ್ಲಿ ಹಳ್ಳಿ, ಹೊಲ, ಬಾವಿ ಮೊದಲಿದ್ದವು. ಕಾರ್ಖಾನೆಗಳು ಆಮೇಲೆ ಬಂದು ನಕ್ಕವಾಗು ಹಳ್ಳಕ್ಕೆ ವಿಷ ಬಿಟ್ಟವು. ದೂರು ಸುಪ್ರೀಂ ಕೋರ್ಟಿಗೆ ಹೋದದ್ದು 1990ರಲ್ಲಿ. ಆ ರೈತರು ಏನನ್ನೂ ಆರಿಸಿಕೊಂಡು ಬಂದವರಲ್ಲ. ವಿಮಾನ ನೆಲೆಯ ಪಕ್ಕದ ಫ್ಲ್ಯಾಟ್ ಕೊಂಡವರನ್ನು ಅವರ ಸಾಲಿನಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಷ್ಟಕ್ಕೂ ವಿಮಾನ ಇಳಿದರೆ ಸದ್ದು ನಿಲ್ಲುತ್ತದೆ. ಬಾವಿಗೆ ಇಳಿದ ವಿಷ ಹಾಗೆ ನಿಲ್ಲಲಿಲ್ಲ.

ಜಕ್ಕೂರನ್ನು ನೋಡಿ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1948ರದ್ದು. ಇನ್ನೂರು ಎಕರೆಗೂ ಮಿಕ್ಕಿದ ಆ ಬಯಲನ್ನು ಯಾರೂ ಮುಚ್ಚಿ ಎಂದು ಆದೇಶ ಮಾಡಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವವರ ಅನುಕೂಲಕ್ಕೆ ಪಕ್ಕದಲ್ಲೇ ಮೇಲ್ಸೇತುವೆ ಎದ್ದಿತು, ಬಳಸಬಹುದಾದ ರನ್‌ವೇ ಕುಗ್ಗಿತು, ಶಾಲೆಯ ಹಾರಾಟ ವರ್ಷಗಟ್ಟಲೆ ನಿಂತಿತು. ದೊಡ್ಡ ವಿಮಾನ ಹತ್ತಲು ಓಡುವವರಿಗಾಗಿ ವಿಮಾನ ಓಡಿಸಲು ಕಲಿಯುವವರ ಹಾದಿ ಕತ್ತರಿಸಿದ ಹಾಗಾಯಿತು. ಖಾಲಿಯಾದ ನೆಲ ಯಾರ ಪಾಲಾಗುತ್ತದೆ ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಂಟಾ ಮೋನಿಕಾದ ಮತದಾರರು 2014ರಲ್ಲೇ ಜಾಣತನ ಮಾಡಿದರು: ನೆಲೆ ಮುಚ್ಚಿದರೆ ಅಲ್ಲಿ ಉದ್ಯಾನ, ಬಯಲು, ಆಟದ ಜಾಗ ಬಿಟ್ಟು ಬೇರೇನಾದರೂ ಮಾಡಲು ಮತ್ತೆ ತಮ್ಮನ್ನು ಕೇಳಬೇಕು ಎಂದು ಬೀಗ ಜಡಿದರು. ನಮ್ಮಲ್ಲಿ ಅಂಥ ಬೀಗ ಹಾಕುವವರಾರು?

ಸದ್ದು ತಗ್ಗಿಸುವ ದಾರಿಗಳಿವೆ. ಮನೆ ಕಡಿಮೆ ಇರುವ ಬದಿಗೆ ಸರ್ಕ್ಯೂಟ್ ತಿರುಗಿಸಬಹುದು. ಇಳಿದು ಏರುವ ಅಭ್ಯಾಸವನ್ನು ಬೆಳಗಿನ ಜಾವ, ಭಾನುವಾರ ಬಿಡಬಹುದು. ವಾರದ ವೇಳಾಪಟ್ಟಿಯನ್ನು ನೆರೆಯವರಿಗೆ ಮೊದಲೇ ತಿಳಿಸಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಇನ್ನು ರನ್‌ವೇ ಸುತ್ತಲ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಲು 2015ರ ನಿಯಮಗಳಿವೆ. ಎತ್ತರ ಅಳೆಯುವ ಸರ್ಕಾರಕ್ಕೆ ಸದ್ದಿನ ನಕ್ಷೆ ಮಾಡುವುದು ಕಷ್ಟವೇ? ಆ ನಕ್ಷೆಯ ಒಳಗೆ ಬರುವ ಪ್ರತಿ ಸೇಲ್ ಡೀಡ್‌ನಲ್ಲಿ ‘ಈ ಮನೆಯ ಮೇಲೆ ತರಬೇತಿ ವಿಮಾನ ಹಾರುತ್ತದೆ’ ಎಂದು ಒಂದು ಸಾಲು ಬರೆಸಲಿ, ಕೊಳ್ಳುವವರು ಓದಿ ಸಹಿ ಮಾಡಲಿ. ಆ ಸಾಲು ಬಂದರೆ ಚದರಡಿಗೆ ಎಷ್ಟು ಇಳಿಯುತ್ತದೆಂದು ಬಿಲ್ಡರುಗಳಿಗೆ ಗೊತ್ತು, ಇದಕ್ಕೆ ಮೊದಲ ಆಕ್ಷೇಪ ಬರುವುದೂ ಅವರಿಂದಲೇ.