ಏರ್ ಫಿಲ್ಟರ್: ಬಲಕ್ಕೋ, ಬಾಳಿಕೆಗೋ?

ಮಾಧವರಂನಿಂದ ಎಮ್ಮಿಗನೂರು, ಆದೋನಿಗಳತ್ತ ಹೊರಟ ವಾಹನ ಧೂಳನ್ನು ಹಾದೇ ಹೋಗಬೇಕು. ಹತ್ತಿಯ ಸುಗ್ಗಿಯಲ್ಲಿ ಅದಕ್ಕೆ ಅರಳೆಯ ಎಳೆಗಳೂ ಕೂಡುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟನ್ನೂ ಸೋಸಿ ಎಂಜಿನ್ನಿಗೆ ಒಪ್ಪಿಸುವ ಹೊಣೆ ಏರ್ ಫಿಲ್ಟರಿನದು.

ಕಾರಿನೊಡನೆ ಕಂಪನಿ ಕೊಡುವ ಫಿಲ್ಟರ್ ಸಾಮಾನ್ಯವಾಗಿ ಮಡಿಕೆಗಳುಳ್ಳ ಕಾಗದದ್ದು. ಹೊರಗೆ ಮಾರಾಟವಾಗುವ ದುಬಾರಿ ಫಿಲ್ಟರ್ ಎಣ್ಣೆ ಸವರಿದ ಹತ್ತಿಬಟ್ಟೆಯದು. ತೊಳೆದು ಮತ್ತೆ ಬಳಸಬಹುದು. ಇದರಿಂದ ಬಲವೂ ಮೈಲೇಜೂ ಹೆಚ್ಚುತ್ತವೆಂಬುದು ಮಾರುವವರ ವಾದ.

2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಪ್ರಕಟಿಸಿದ ಅಧ್ಯಯನದಂತೆ, ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜು ಗಮನಾರ್ಹವಾಗಿ ಕುಗ್ಗಲಿಲ್ಲ. ಥಟ್ಟನೆ ವೇಗ ಪಡೆಯುವ ಶಕ್ತಿ ಮಾತ್ರ ಕುಗ್ಗಿತು. ಕೊಳೆಯಾದ ಫಿಲ್ಟರೇ ಮೈಲೇಜನ್ನು ಕೆಡಿಸದಿದ್ದರೆ, ಶುಭ್ರವಾದ ಕಾಗದದ ಬದಲು ಹತ್ತಿ ಹಾಕಿ ಮೈಲೇಜು ಗಳಿಸುವ ಆಸೆಗೆ ಆಧಾರವೆಲ್ಲಿ? ಬಲದ ಲಾಭವೇನಿದ್ದರೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ. ಬಂಡಿ, ಕುರಿಹಿಂಡುಗಳ ನಡುವೆ ಓಡುವ ನಮ್ಮ ಕಾರುಗಳಿಗೆ ಆ ಅವಕಾಶ ಅಪರೂಪ.

ಪ್ರತಿಪಕ್ಷದ ವಾದವನ್ನೂ ಕೇಳಬೇಕು. ಕಣ್ಣಿಗೆ ಕಾಣದ ಮರಳಿನ ಕಣಗಳು ಒಳನುಗ್ಗಿದರೆ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆಗಳು ಸವೆಯುತ್ತವೆ. ಹತ್ತಿಯ ಫಿಲ್ಟರಿಗೆ ಎಣ್ಣೆ ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿಗೆ ಅಂಟುತ್ತದೆ. ಕೊಳ್ಳುವವರು ಐಎಸ್‌ಒ 5011 ಪರೀಕ್ಷೆಯಲ್ಲಿ ಅದು ಶೇಕಡಾ ಎಷ್ಟು ಧೂಳನ್ನು ತಡೆಯಿತೆಂದು ಕೇಳಲಿ.

ಇನ್ನು ಕಾನೂನಿನ ಮಾತು. ವಾರಂಟಿಯೆಂಬುದು ಷರತ್ತುಗಳುಳ್ಳ ಕರಾರು; ಹೊರಗಿನ ಬಿಡಿಭಾಗದಿಂದಾದ ಹಾನಿಯನ್ನು ಅದು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಆದರೆ ಹಾನಿಗೆ ಆ ಫಿಲ್ಟರೇ ಕಾರಣವೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ನಿರಾಕರಣೆಯನ್ನು ಕಾರಣಸಹಿತ ಬರಹದಲ್ಲಿ ಕೇಳಿರಿ. ಸರ್ವಿಸ್ ಬಿಲ್ಲುಗಳನ್ನು ಕಾದಿಡಿರಿ. ಗಡಿಯವರಾದ ನಮ್ಮಲ್ಲಿ ಅನೇಕರು ಕಾರು ಕೊಳ್ಳುವುದು ರಾಯಚೂರು, ಬಳ್ಳಾರಿಗಳಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ.

ಒಟ್ಟಿನಲ್ಲಿ, ಈ ಸೀಮೆಗೆ ಕಂಪನಿಯ ಕಾಗದದ ಫಿಲ್ಟರೇ ಲೇಸು. ಕೈಪಿಡಿ ಹೇಳುವ ಅವಧಿ ಸಾಧಾರಣ ರಸ್ತೆಯದು. ಧೂಳಿನ ಹಾದಿಯವರು ಅದಕ್ಕಿಂತ ಮೊದಲೇ ತೆಗೆದು ನೋಡಿ ಬದಲಿಸಲಿ. ಜೋರು ಗಾಳಿ ಹೊಡೆಸಿ ಹಳೆಯದನ್ನೇ ಎಳೆದಾಡಿಸಿದರೆ ಕಾಗದ ಹರಿಯಬಹುದು. ಹರಿದ ಫಿಲ್ಟರ್ ಇದ್ದೂ ಇಲ್ಲದಂತೆಯೇ.