ಕಾಲುದಾರಿಯ ನಕ್ಷೆ ಬರೆಯುವಾಗ ಬೆಳೆಗಾರನೂ ಇರಲಿ



ಶನಿವಾರ ಭಾನುವಾರ ಬಂತೆಂದರೆ ಪೇಟೆಯ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಮಲೆನಾಡಿನ ಗುಡ್ಡ ಹತ್ತಲು ಬರುವುದು ಈಗ ಹೊಸತಲ್ಲ. ಅನೇಕ ಕಡೆ ಅವರ ದಾರಿ ನಮ್ಮ ತೋಟದ ಉಣಗೋಲು ದಾಟಿಯೇ ಹೋಗುತ್ತದೆ. ಬೀಗ ಜಡಿಯಬೇಕೆಂದು ಕೆಲವರು, ಹೋಂಸ್ಟೇಗೆ ಗಿರಾಕಿ ಬಂದರೆಂದು ಕೆಲವರು. ಎರಡೂ ಅವಸರದ ಮಾತೆಂದು ನಮ್ಮ ಅಭಿಪ್ರಾಯ. ಇಂಥ ದಾರಿಯನ್ನು ನಾಲ್ಕು ದಶಕಕ್ಕೂ ಮೀರಿ ನಡೆಸಿಕೊಂಡು ಬಂದವರ ಅನುಭವವನ್ನು ಮೊದಲು ನೋಡಬೇಕು. ಹಾಂಗ್‌ಕಾಂಗಿನ ಮ್ಯಾಕ್ಲಿಹೋಸ್ ಹಾದಿಯ ಮೊದಲ ಎರಡು ಭಾಗಗಳನ್ನು ನಾವು ನಡೆದಿದ್ದೇವೆ. ಅದರಿಂದ ಈ ಬರಹ.

ಮ್ಯಾಕ್ಲಿಹೋಸ್ ಅವರು 1971ರಿಂದ 1982ರವರೆಗೆ ಅಲ್ಲಿ ಗವರ್ನರ್ ಆಗಿದ್ದವರು, ಸ್ವತಃ ನಡಿಗೆಯ ಗೀಳಿನವರು. ಅವರ ಕಾಲದಲ್ಲಿ, 1976ರಲ್ಲಿ, ಗುಡ್ಡಗಾಡನ್ನು ಉದ್ಯಾನಗಳಾಗಿ ಕಾಯ್ದಿಡುವ ಕಾನೂನು ಬಂದಿತು. 1979ರಲ್ಲಿ ಈ ಹಾದಿ ತೆರೆಯಿತು. ಪಾಕ್ ತಾಮ್ ಚುಂಗ್‌ನಿಂದ ತುಯೆನ್ ಮುನ್‌ವರೆಗೆ 100 ಕಿಲೋಮೀಟರು, ಹತ್ತು ಭಾಗ. ನಡುವೆ ಕೌಲೂನ್ ಪೇಟೆಯ ನೆತ್ತಿಯ ಮೇಲೆಯೇ ಹಾಯುತ್ತದೆ. ಪ್ರತಿ 500 ಮೀಟರಿಗೆ ನಂಬರು ಹಾಕಿದ ಕಂಬ. ಕಾಲು ಉಳುಕಿದವನು ಆ ನಂಬರು ತಿಳಿಸಿದರೆ ಎಲ್ಲಿದ್ದಾನೆಂಬುದು ಗೊತ್ತಾಗುತ್ತದೆ. 2017ರ ಕೊನೆಯ ಹೊತ್ತಿಗೆ ನಡಿಗೆದಾರಿಗಳ ಕಸದ ಡಬ್ಬಿಗಳನ್ನು ತೆಗೆದುಬಿಟ್ಟರು: ತಂದವನೇ ಹೊತ್ತುಕೊಂಡು ಹೋಗತಕ್ಕದ್ದು. ಇದೊಂದನ್ನು ನಾಳೆಯೇ ಇಲ್ಲಿ ಜಾರಿಗೆ ತರಬಹುದು.

ಇಷ್ಟು ಪ್ರವಾಸಿಯ ಕಣ್ಣಿಗೆ ಕಾಣುವುದು. ಬೆಳೆಗಾರನ ಕಣ್ಣು ಬೇರೆ ಕಡೆ ಹೋಗುತ್ತದೆ. ಎರಡನೆಯ ಭಾಗದ ಚೆಕ್ ಕೆಂಗ್ ಹಳ್ಳಿಯಲ್ಲಿ ಮನೆಗಳು ಪಾಳುಬಿದ್ದಿವೆ, ಗದ್ದೆಗಳನ್ನು ಕಾಡು ನುಂಗಿದೆ. ಬೇಸಾಯ ಬಿಟ್ಟವರು ಬಿಟ್ಟುಹೋದ ದನಗಳ ಸಂತತಿ ಒಡೆಯರಿಲ್ಲದೆ ಆ ಗುಡ್ಡಗಳಲ್ಲಿ ಮೇಯುತ್ತಿದೆ. ಹಾದಿಯ ಮೇಲ್ಭಾಗದ ತಾಯ್ ಮೋ ಶಾನ್ ಶಿಖರದ (957 ಮೀಟರ್) ಇಳಿಜಾರಿನಲ್ಲಿ ಹಿಂದೆ ಚಹ ಬೆಳೆದ ಮೆಟ್ಟಿಲುಗಳ ಕುರುಹು ಇದೆ. ಇದನ್ನೆಲ್ಲ ಹಾದಿ ಹಾಳುಮಾಡಿತೆಂದರೆ ಅನ್ಯಾಯವಾದೀತು. ಹಾದಿ ಬರುವ ಮೊದಲೇ ಅಲ್ಲಿನ ಜನ ಪೇಟೆಗೂ ಇಂಗ್ಲೆಂಡಿಗೂ ಹೊರಟುಹೋಗಿದ್ದರು. ಆದರೆ ಹಾದಿ ಅವರನ್ನು ಹಿಂದಕ್ಕೂ ಕರೆತರಲಿಲ್ಲ. ಹಾಮ್ ತಿನ್ ಕಡಲತೀರದಲ್ಲಿ ಬಿಸಿ ಶಾವಿಗೆ ಮಾರುವ ಅಂಗಡಿ ಉಂಟು. ಹಳ್ಳಿಗೆ ದಕ್ಕಿದ ಆದಾಯವೆಂದು ನಮಗೆ ಕಂಡದ್ದು ಅಷ್ಟೆ.

ಮುಖ್ಯ ಸಂಗತಿ ಗಡಿಯದು. ಉದ್ಯಾನಗಳ ನಕ್ಷೆ ಬರೆಯುವಾಗ ಹಳ್ಳಿಗಳನ್ನೂ ಅವುಗಳ ಜಮೀನನ್ನೂ ಗಡಿಯಿಂದ ಹೊರಗಿಟ್ಟರು. ಅಂಥ 77 ತುಂಡುಗಳಿದ್ದವು. ಮೇಲ್ನೋಟಕ್ಕೆ ಇದು ರೈತರಿಗೆ ತೋರಿಸಿದ ಔದಾರ್ಯ. ಆದರೆ ಅಲ್ಲಿ ಏನು ಮಾಡಬಹುದು, ಏನು ಕೂಡದು ಎಂಬುದನ್ನು ಬಹುಪಾಲು ತುಂಡುಗಳ ವಿಷಯದಲ್ಲಿ ಯಾರೂ ತೀರ್ಮಾನಿಸಲೇ ಇಲ್ಲ. 2010ರಲ್ಲಿ ಸಾಯ್ ವಾನ್ ಎಂಬಲ್ಲಿ ಜಮೀನು ಕೊಂಡ ಉದ್ಯಮಿಯೊಬ್ಬರು ಯಂತ್ರ ತರಿಸಿ ನೆಲ ಅಗೆಸಿದಾಗ ಪೇಟೆಯಲ್ಲಿ ಹುಯಿಲೆದ್ದಿತು. 2013ರಲ್ಲಿ, ಹಾದಿ ತೆರೆದು 34 ವರ್ಷವಾದ ಮೇಲೆ, ಆ ತುಂಡನ್ನು ಉದ್ಯಾನಕ್ಕೆ ಸೇರಿಸಿದರು. ಹಳ್ಳಿಯವರು ವಿರೋಧಿಸಿದರು, ಪ್ರಯೋಜನವಾಗಲಿಲ್ಲ. ಅಗೆದವರು ಯಾರೋ, ಕಟ್ಟುಪಾಡು ಬಿದ್ದದ್ದು ಎಲ್ಲರ ಮೇಲೆ.

ನಮ್ಮಲ್ಲಿ ಬಾಣೆ, ಕುಮ್ಕಿ, ಸೊಪ್ಪಿನಬೆಟ್ಟಗಳ ತಕರಾರು ಸದಸ್ಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗುಡ್ಡದ ದಾರಿ ಹಾಯುವುದು ಅನೇಕ ವೇಳೆ ಇಂಥ ನೆಲದಲ್ಲಿಯೇ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಬಳಿಕ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಮುಂಗಡ ನೋಂದಣಿಯ ಏರ್ಪಾಡು ಮಾಡಿತು. ಅದು ತಲೆ ಎಣಿಸುವ ಕ್ರಮ. ದಾರಿ ಯಾರ ಸರ್ವೆ ನಂಬರಿನಲ್ಲಿ ಹೋಗುತ್ತದೆಂಬುದನ್ನು ಅದು ಕೇಳುವುದಿಲ್ಲ.

ದಾರಿ ಬೇಡವೆನ್ನುವವರು ನಾವಲ್ಲ. ಕುಯಿಲಿನ ತಿಂಗಳುಗಳಲ್ಲಿ, ಬೋರ್ಡೋ ಹೊಡೆಯುವ ದಿನಗಳಲ್ಲಿ ದಾರಿ ಮುಚ್ಚುವ ಅಧಿಕಾರ ಬೆಳೆಗಾರನಿಗಿರಬೇಕು. ತೋಟದಲ್ಲಿ ಯಾರಾದರೂ ಜಾರಿಬಿದ್ದರೆ ಹೊಣೆ ಯಾರದೆಂಬುದು ಬರಹದಲ್ಲಿ ಆಗಬೇಕು. ಶುಲ್ಕದಲ್ಲಿ ಒಂದು ಪಾಲು ಅದೇ ಊರಿನ ಕೆರೆ, ರಸ್ತೆಗೆ ಬರಬೇಕು. ಇದನ್ನು ಒಬ್ಬೊಬ್ಬರೇ ಕೇಳಿದರೆ ನಡೆಯದು, ಸಂಘವೇ ಕೇಳಬೇಕು. ಮುಂದಿನ ಸಭೆಯಲ್ಲಿ ವಿಷಯ ಮಂಡಿಸಲಿದ್ದೇವೆ. ಯಾರ ಜಮೀನಿನಲ್ಲಿ ಕಾಲುದಾರಿ ಹಾದಿದೆಯೋ ಅವರು ಸರ್ವೆ ಸ್ಕೆಚ್ಚಿನಲ್ಲಿ ಅದನ್ನು ಗುರುತಿಸಿ, ಪಹಣಿ ಸಹಿತ ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.